ಆಕ್ಷನ್ನೋ, ಕಾಂಪೊನೆಂಟೋ?

ವೆಬ್ ಅಪ್ಲಿಕೇಶನ್ ಬರೆಯುವವರಲ್ಲಿ ಎರಡು ಪಂಗಡ.. ಆಕ್ಷನ್ ಪಂಗಡ, ಕಾಂಪೊನೆಂಟ್ ಪಂಗಡ. ಈ ಜಗಳ ಅರ್ಥವಾಗೋಕೆ ನಮ್ಮ ರಾಜಾಜಿನಗರದ ಹೋಟೆಲುಗಳೇ ಸಾಕು.

ದರ್ಶಿನಿಯಲ್ಲಿ ಪ್ರತಿ ಸಲ ಬಿಲ್ ಮಾಡಿಸಿ ಚೀಟಿ ಕೊಡಬೇಕು. ನೀವು ಆಗಲೇ ಇಡ್ಲಿ ತಿಂದದ್ದು ಕೌಂಟರಿನವನಿಗೆ ನೆನಪಿರಬೇಕಿಲ್ಲ. ಎಚ್‌ಟಿಟಿಪಿ ಕೂಡ ಹೀಗೇ ಮರೆಗುಳಿ. ಕೋರಿಕೆ ಬಂತು, ಅದರ ಆಕ್ಷನ್ ಓಡಿತು, ಪುಟ ಹೋಯಿತು, ಮುಗೀತು. ಕ್ರೇಗ್ ಮೆಕ್ಲಾನಹನ್ 2000ದಲ್ಲಿ ಅಪಾಚೆಗೆ ಕೊಟ್ಟ ಸ್ಟ್ರಟ್ಸ್ ಈ ಜಾತಿಯದು.

ಕೂತು ತಿನ್ನುವ ಹೋಟೆಲಲ್ಲಿ ಯಾವ ಟೇಬಲ್ಲಿಗೆ ಏನು ಅಂತ ಸಪ್ಲೈಯರ್ ನೆನಪಿಟ್ಟುಕೊಳ್ತಾನೆ. 2002ರ ಎಎಸ್‌ಪಿ ಡಾಟ್ ನೆಟ್ ವೆಬ್ ಫಾರ್ಮ್ಸ್, 2004ರ ಜೆಎಸ್‌ಎಫ್ ಈ ಜಾತಿ. (ಜೆಎಸ್‌ಎಫ್ ರೂಪಿಸಿದ ಮುಖಂಡರಲ್ಲಿ ಅದೇ ಮೆಕ್ಲಾನಹನ್ ಒಬ್ಬರು!) ಇಲ್ಲಿ ಪುಟ ಅಂದರೆ ಬಟನ್, ಪಟ್ಟಿಗಳ ಮರ. ಬಟನ್ ಒತ್ತಿದರೆ ಯಾವ ಮೆಥಡ್ ಓಡಬೇಕು ಅಂತ ಬರೆದರಾಯ್ತು.

ಆದರೆ ನೆನಪು ಎಲ್ಲಾದರೂ ಇರಬೇಕಲ್ಲ? ವೆಬ್ ಫಾರ್ಮ್ಸ್ ಅದನ್ನು ವ್ಯೂಸ್ಟೇಟ್ ಅನ್ನೋ ಮೂಟೆ ಕಟ್ಟಿ ಪುಟದ ಜೊತೆ ಕಳಿಸಿ, ವಾಪಸ್ ತರಿಸಿಕೊಳ್ಳುತ್ತೆ. ನೆಟ್ ನಿಧಾನ ಇದ್ದವರಿಗೆ ಅದೇ ಹೊರೆ. ಸರ್ವರಿನಲ್ಲೇ ಇಟ್ಟರೆ ಜನ ಹೆಚ್ಚಿದಷ್ಟೂ ಮೆಮೊರಿ ಬೇಕು. 2009ರಲ್ಲಿ ಮೈಕ್ರೋಸಾಫ್ಟೇ ಎಎಸ್‌ಪಿ ಡಾಟ್ ನೆಟ್ ಎಂವಿಸಿ ತಂದು ಆಕ್ಷನ್ ದಾರಿಗೂ ಬಂತು.

ನಮ್ಮೂರಿನದೇ ಉದಾಹರಣೆ ಬೇಕಾ? ನಂದನ್ ನಿಲೇಕಣಿ ಮತ್ತು ಶ್ರೀಕಾಂತ್ ನಾದಮುನಿ 2003ರಲ್ಲಿ ಬೆಂಗಳೂರಿನಲ್ಲಿ ಇ-ಗವರ್ನಮೆಂಟ್ಸ್ ಫೌಂಡೇಶನ್ ಶುರು ಮಾಡಿದರು. ನಗರಸಭೆ, ಪಾಲಿಕೆಗಳ ಆಸ್ತಿ ತೆರಿಗೆಯಂಥ ಕೆಲಸಕ್ಕೆ ಇವರ ತಂತ್ರಾಂಶ. ಕೋಡ್ ಮುಕ್ತವಾಗಿದೆ, ನೀವೂ ನೋಡಬಹುದು. ಹಳೆಯ ಜಾವಾ ಕೋಡಿನಲ್ಲಿ ಸ್ಟ್ರಟ್ಸ್ 2ರ ಆಕ್ಷನ್ನುಗಳು. ನಂತರ ಬಂದ ಡಿಜಿಟ್‌ನ ಮುಂಭಾಗದಲ್ಲಿ ರಿಯಾಕ್ಟ್.

ಸ್ಟ್ರಟ್ಸ್ 1ಕ್ಕೆ ಅಪಾಚೆ ವಿದಾಯ ಹೇಳಿದ್ದು 2013ರಲ್ಲಿ. ಫೇಸ್‌ಬುಕ್ ರಿಯಾಕ್ಟನ್ನು ಹೊರಬಿಟ್ಟಿದ್ದೂ ಅದೇ ವರ್ಷ! ಹಾಗಾದರೆ ಕಾಂಪೊನೆಂಟ್ ಗೆದ್ದಿತೇ? ನನಗನ್ನಿಸೋದು, ಇಬ್ಬರೂ ಗೆದ್ದರು. ಸರ್ವರ್ ಮತ್ತೆ ದರ್ಶಿನಿಯ ಕೌಂಟರ್ ಆಯ್ತು. ಕೇಳಿದ್ದಕ್ಕೆ ಕೊಟ್ಟು ಮರೆಯುತ್ತೆ. ನೆನಪಿನ ಕೆಲಸ ಬ್ರೌಸರಿಗೆ ಹೋಯ್ತು.

ಅಂದರೆ ಹೊರೆ ಮಾಯವಾಗಿಲ್ಲ, ಹೊರುವವರು ಬದಲಾಗಿದ್ದಾರೆ ಅಷ್ಟೆ. ಕೆಂಗೇರಿಯಲ್ಲಿ ಹಳೇ ಮೊಬೈಲಿನಿಂದ ತೆರಿಗೆ ಕಟ್ಟೋ ಅಜ್ಜನ ಫೋನು ಈಗ ಅಷ್ಟೂ ಜಾವಾಸ್ಕ್ರಿಪ್ಟ್ ಇಳಿಸಿಕೊಂಡು ಓಡಿಸಬೇಕು. ಪರದೆಯಲ್ಲಿ ಕ್ಷಣಕ್ಷಣಕ್ಕೂ ಬದಲಾಗೋ ಕೆಲಸವಿದ್ದರೆ ಕಾಂಪೊನೆಂಟೇ ಸರಿ. ನಾಲ್ಕು ಖಾನೆ ತುಂಬಿ ಹಣ ಕಟ್ಟೋ ಫಾರಂಗೆ ಹಳೇ ಆಕ್ಷನ್ ಸಾಕು ಅಂತ ನನ್ನ ಲೆಕ್ಕ.

ನೀವೇನಂತೀರಿ?