ಖಿಯಾಮತ್ತಿನ ಚರ್ಚಿನ ಬೀಗದ ಕೈ

ಶುಭ ಶುಕ್ರವಾರ ನಮ್ಮ ನಾಡಿನಲ್ಲಿ ಎಲ್ಲರಿಗೂ ಗೊತ್ತು. ಅಂದು ಶಾಲೆಗಳಿಗೆ ರಜೆ. ಅದರ ಹಿಂದೆಯೇ ಬರುವ ಈಸ್ಟರ್ ಹೇಗೂ ಭಾನುವಾರವಾದ್ದರಿಂದ ಕ್ರೈಸ್ತರಲ್ಲದವರ ಗಮನಕ್ಕೆ ಬಾರದೆ ಕಳೆದುಹೋಗುತ್ತದೆ. ಆದರೆ ಕ್ರೈಸ್ತ ವಿಶ್ವಾಸದ ಬೇರು ಇರುವುದು ಆ ಭಾನುವಾರದಲ್ಲಿಯೇ. ಒಮ್ಮೆ ಪ್ರವಾದಿ ಈಸಾ(ಅ)ರ ಪಾಠ ನಡೆಯುತ್ತಿದ್ದಾಗ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಉಸ್ತಾದ್, ಈಸಾ ನಬಿಯವರು ಶಿಲುಬೆಯಲ್ಲಿ ತೀರಿಹೋಗಲಿಲ್ಲ ಎಂದು ನಾವು ನಂಬುತ್ತೇವಲ್ಲ. ಹಾಗಿದ್ದರೆ ಅವರ ಗೋರಿ ಇದೆಯೆನ್ನುವ ಚರ್ಚಿನ ಬೀಗದ ಕೈ ಮುಸ್ಲಿಮರ ಬಳಿ ಯಾಕಿದೆ?" ಅದನ್ನು ಅವನು ಮೊಬೈಲಿನಲ್ಲಿ ನೋಡಿದ್ದನಂತೆ. ನಾವು ಅಂದು ಏನೋ ಎರಡು ಮಾತು ಹೇಳಿ ಪಾಠ ಮುಂದುವರಿಸಿದೆವು. ಆ ಉತ್ತರ ನಮಗೇ ಸಮಾಧಾನ ತರಲಿಲ್ಲ. ಈ ಬರಹ ಆ ಹುಡುಗನಿಗೆ ನಾವು ಉಳಿಸಿಕೊಂಡ ಬಾಕಿ.

ಮೊದಲು ಕ್ರೈಸ್ತರು ಆ ಗೋರಿಯ ಬಗ್ಗೆ ಏನು ಹೇಳುತ್ತಾರೆ ಎಂಬುದನ್ನು ಅವರ ಮಾತಿನಲ್ಲೇ ತಿಳಿಯಬೇಕು. ಶಿಲುಬೆಗೇರಿಸಲ್ಪಟ್ಟ ಯೇಸುವನ್ನು ಬಂಡೆಯಲ್ಲಿ ಕೊರೆದ ಸಮಾಧಿಯಲ್ಲಿ ಇರಿಸಲಾಯಿತು. ಮೂರನೆಯ ದಿನದ ಮುಂಜಾನೆ ಮಗ್ದಲದ ಮರಿಯ ಮೊದಲಾದ ಸ್ತ್ರೀಯರು ಹೋಗಿ ನೋಡಿದಾಗ ಸಮಾಧಿ ಬರಿದಾಗಿತ್ತು. ಯೇಸು ಜೀವಂತರಾಗಿ ಎದ್ದಿದ್ದರು. ಇದು ಅವರ ವಿಶ್ವಾಸ. ಕ್ರಿ.ಶ. 55ರ ಸುಮಾರಿಗೆ, ಅಂದರೆ ನಾಲ್ಕು ಸುವಾರ್ತೆಗಳು ಬರಹಕ್ಕೆ ಇಳಿಯುವ ಮೊದಲೇ, ಪೌಲನು ಗ್ರೀಸಿನ ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಒಂದು ಪತ್ರ ಬರೆದನು. ಸತ್ತವರು ಮತ್ತೆ ಎದ್ದುಬರುವುದುಂಟೇ ಎಂದು ಅಲ್ಲಿನ ಕೆಲವರು ಅನುಮಾನಿಸಿದ್ದರು. ಸತ್ತವರು ಏಳುವುದಿಲ್ಲವೆಂದರೆ ಯೇಸುವೂ ಎದ್ದಿಲ್ಲ, ಯೇಸು ಎದ್ದಿಲ್ಲವಾದರೆ ನಮ್ಮ ಬೋಧನೆಯೂ ನಿಮ್ಮ ವಿಶ್ವಾಸವೂ ಬರಿದು ಎಂಬುದು ಪೌಲನ ವಾದದ ಸಾರ. ತನ್ನ ಧರ್ಮವನ್ನೆಲ್ಲ ಒಂದೇ ಕಂಬದ ಮೇಲೆ ನಿಲ್ಲಿಸಿ, ಈ ಕಂಬ ಬಿದ್ದರೆ ಮನೆಯೇ ಬಿತ್ತು ಎಂದು ತಾನೇ ಒಪ್ಪಿಕೊಂಡ ಧೈರ್ಯ ಅದು.

ಕೊರಿಂಥದವರ ಆ ಅನುಮಾನ ನಮಗೂ ಅಪರಿಚಿತವಲ್ಲ. ಜೀರ್ಣವಾದ ಮೂಳೆಗಳಿಗೆ ಯಾರು ಜೀವ ಕೊಡುತ್ತಾರೆ ಎಂದು ಮಕ್ಕಾದ ನಿರಾಕರಿಗಳು ಪ್ರವಾದಿ(ಸ)ರನ್ನು ಗೇಲಿ ಮಾಡಿದ್ದನ್ನು ಸೂರಃ ಯಾಸೀನ್ ಓದುವ ಪ್ರತಿ ಮನೆಯೂ ಬಲ್ಲದು. ಮರಣವೇ ಕೊನೆಯಲ್ಲ ಎಂಬಲ್ಲಿಯವರೆಗೆ ಎರಡು ಸಮುದಾಯಗಳೂ ಒಂದೇ ಪಕ್ಷ. ಬೇರೆಯಾಗುವುದು ಅದರಾಚೆ. ಈಸಾ(ಅ)ರನ್ನು ಅವರು ಕೊಲ್ಲಲಿಲ್ಲ, ಶಿಲುಬೆಗೇರಿಸಲೂ ಇಲ್ಲ, ಅಲ್ಲಾಹನು ಅವರನ್ನು ತನ್ನೆಡೆಗೆ ಎತ್ತಿಕೊಂಡನು ಎಂದು ಸೂರಃ ಅನ್ನಿಸಾದ 157 ಮತ್ತು 158ನೆಯ ವಚನಗಳು ಸ್ಪಷ್ಟಪಡಿಸುತ್ತವೆ. ಜನರಿಗೆ ಗೊಂದಲವಾದದ್ದು ಹೇಗೆ ಎಂಬ ವಿವರದಲ್ಲಿ ಇಮಾಮ್ ತಬರಿಯಂಥವರು ಬೇರೆ ಬೇರೆ ವರದಿಗಳನ್ನು ಸಂಗ್ರಹಿಸಿದ್ದಾರೆ. ಕೊಲ್ಲಲಿಲ್ಲ ಎಂಬ ಮೂಲವಿಷಯದಲ್ಲಿ ಅವರಿಗೆ ಭಿನ್ನಮತವಿಲ್ಲ. ಮರಣವೇ ಆಗದಿದ್ದರೆ ಸಮಾಧಿಯಿಂದ ಏಳುವ ಪ್ರಶ್ನೆಯೂ ಇಲ್ಲ. ಇಲ್ಲಿ ನಡುದಾರಿ ಹುಡುಕುವುದು ವ್ಯರ್ಥ. ಎಲ್ಲರೂ ಹೇಳುವುದು ಒಂದೇ ಎಂದು ವೇದಿಕೆಯ ಮೇಲೆ ಸೌಹಾರ್ದದ ಭಾಷಣ ಮಾಡುವವರು ಎರಡೂ ಕಡೆಯವರ ವಿಶ್ವಾಸವನ್ನು ಹಗುರ ಮಾಡುತ್ತಾರೆ ಎಂಬುದು ನಮ್ಮ ಅಭಿಪ್ರಾಯ.

ಇನ್ನು ಹುಡುಗ ಕೇಳಿದ ಚರ್ಚಿಗೆ ಬರೋಣ. ಅದು ಬೈತುಲ್ ಮುಕದ್ದಸ್ ಅಥವಾ ಜೆರುಸಲೇಮಿನ ಹಳೆಯ ನಗರದಲ್ಲಿದೆ. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕಟ್ಟಿಸಿದ ಮೊದಲ ಕಟ್ಟಡ ಕ್ರಿ.ಶ. 335ರಲ್ಲಿ ಪ್ರತಿಷ್ಠೆಯಾಯಿತು. ಪಶ್ಚಿಮದ ಕ್ರೈಸ್ತರು ಅದನ್ನು ಪವಿತ್ರ ಸಮಾಧಿಯ ಚರ್ಚೆಂದು ಕರೆಯುತ್ತಾರೆ. ಅರಬಿ ಮಾತನಾಡುವ ಕ್ರೈಸ್ತರಿಗೆ ಅದು 'ಕನೀಸತುಲ್ ಖಿಯಾಮ', ಎದ್ದುನಿಲ್ಲುವಿಕೆಯ ಚರ್ಚು. ನಾವು ದಿನನಿತ್ಯ ಹೇಳುವ ಖಿಯಾಮತ್ ಎಂಬ ಅದೇ ಪದ. ನಮಗೆ ಅದು ಸಕಲ ಮಾನವರೂ ಏಳುವ ಅಂತಿಮ ದಿನ. ಅವರಿಗೆ ಒಬ್ಬರು ಎದ್ದ ದಿನ, ಮತ್ತು ಆ ಕಾರಣದಿಂದ ಎಲ್ಲರೂ ಏಳುವರೆಂಬ ಭರವಸೆ.

ಆದರೆ ನಮ್ಮ ಹಳೆಯ ಅರಬಿ ಗ್ರಂಥಗಳಲ್ಲಿ ಈ ಚರ್ಚಿಗೆ ಇನ್ನೊಂದು ಹೆಸರಿದೆ. ಮದ್ರಸದ ದಿನಗಳಲ್ಲಿ ಅದನ್ನು ಮೊದಲ ಬಾರಿ ಓದಿದಾಗ ಅಚ್ಚಿನ ದೋಷವೆಂದೇ ಭಾವಿಸಿದ್ದೆವು. 'ಖಿಯಾಮ'ದ ಜಾಗದಲ್ಲಿ 'ಖುಮಾಮ' ಎಂದಿತ್ತು. ಖುಮಾಮ ಎಂದರೆ ಕಸ. ಹತ್ತನೆಯ ಶತಮಾನದ ಭೂಗೋಳಜ್ಞ ಮುಕದ್ದಸಿ ಅದೇ ನಗರದಲ್ಲಿ ಹುಟ್ಟಿದವರು. ಅವರ ಬರಹದಲ್ಲಿಯೂ ಈ ಹೆಸರೇ ಇದೆ. ಬೈಝಂಟೈನರ ಆಳ್ವಿಕೆಯಲ್ಲಿ ಇಂದಿನ ಅಲ್ ಅಕ್ಸಾ ಆವರಣದ ಬಂಡೆಯ ಮೇಲೆ ಕಸ ಸುರಿಯಲಾಗುತ್ತಿತ್ತು, ಅದಕ್ಕೆ ಪ್ರತಿಯಾಗಿ ಈ ಹೆಸರು ಬಂತು ಎಂದು ನಮ್ಮ ಕೆಲವು ಇತಿಹಾಸಕಾರರು ಸಮರ್ಥನೆ ಕೊಡುತ್ತಾರೆ. ಇರಬಹುದು. ಆದರೆ ಆ ಕಸವನ್ನು ಖಲೀಫಾ ಉಮರ್(ರ) ತಮ್ಮ ಕೈಯಿಂದಲೇ ತೆಗೆದು ಸ್ವಚ್ಛಗೊಳಿಸಿದರೆಂದು ಅವರೇ ಬರೆಯುತ್ತಾರೆ. ಉಮರ್(ರ) ಪ್ರತಿಯಾಗಿ ಯಾರಿಗೂ ಹೀನ ಹೆಸರಿಟ್ಟರೆಂದು ಬರೆಯುವುದಿಲ್ಲ.

ಉಮರ್(ರ) ಆ ನಗರಕ್ಕೆ ಬಂದದ್ದು ಕ್ರಿ.ಶ. 637-38ರಲ್ಲಿ. ಅಲ್ಲಿನ ಜನರಿಗೆ ಅವರು ಬರೆದುಕೊಟ್ಟ ಅಭಯಪತ್ರವನ್ನು ತಬರಿ ದಾಖಲಿಸಿದ್ದಾರೆ. ಪ್ರಾಣ, ಸೊತ್ತು, ಚರ್ಚು, ಶಿಲುಬೆ ಎಲ್ಲಕ್ಕೂ ರಕ್ಷಣೆ. ಚರ್ಚುಗಳನ್ನು ಕೆಡವಲಾಗದು, ಅವುಗಳಲ್ಲಿ ವಾಸ ಮಾಡಲಾಗದು ಎಂಬುದು ಅದರ ತಾತ್ಪರ್ಯ. ನಮ್ಮ ವಿಶ್ವಾಸದ ಪ್ರಕಾರ ನಡೆಯದೇ ಇದ್ದ ಘಟನೆಯ ಗುರುತಾದ ಶಿಲುಬೆಗೂ ಆ ಪತ್ರದಲ್ಲಿ ರಕ್ಷಣೆಯಿತ್ತು ಎಂಬುದನ್ನು ಓದುಗರು ಗಮನಿಸಬೇಕು.

ನಮಾಝಿನ ಹೊತ್ತಾದಾಗ ಪಾದ್ರಿ ಮುಖ್ಯಸ್ಥ ಸೊಫ್ರೋನಿಯಸ್ ಚರ್ಚಿನೊಳಗೇ ಪ್ರಾರ್ಥಿಸುವಂತೆ ಕೇಳಿಕೊಂಡದ್ದು, ಉಮರ್(ರ) ನಿರಾಕರಿಸಿ ಹೊರಗಿನ ಮೆಟ್ಟಿಲ ಬಳಿ ಒಬ್ಬರೇ ನಮಾಝ್ ಮಾಡಿದ್ದು, ಒಳಗೆ ಮಾಡಿದರೆ ಮುಂದಿನ ಮುಸ್ಲಿಮರು ಆ ನೆಪದಿಂದ ಚರ್ಚನ್ನೇ ಕಿತ್ತುಕೊಂಡಾರು ಎಂದದ್ದು ನಮ್ಮ ಎಲ್ಲ ಭಾಷಣಕಾರರಿಗೂ ಬಾಯಿಪಾಠ. ಆದರೆ ಈ ಪ್ರಸಂಗವನ್ನು ಬರೆದಿಟ್ಟವರು ಯಾರೆಂದು ಕೇಳಿದರೆ ಉತ್ತರ ಸಿಗುವುದು ಅಪರೂಪ. ಅವರು ಮುಸ್ಲಿಮರಲ್ಲ. ಅಲೆಕ್ಸಾಂಡ್ರಿಯದ ಕ್ರೈಸ್ತ ಪಾದ್ರಿ ಮುಖ್ಯಸ್ಥರಾಗಿದ್ದು ಕ್ರಿ.ಶ. 940ರಲ್ಲಿ ತೀರಿಕೊಂಡ ಸಈದ್ ಇಬ್ನ್ ಬಿತ್ರೀಕ್, ಅಂದರೆ ಯುಟಿಕಿಯಸ್. ಘಟನೆಗೂ ಅವರಿಗೂ ನಡುವೆ ಸುಮಾರು ಮುನ್ನೂರು ವರ್ಷಗಳ ಅಂತರವಿದೆ. ಆದ್ದರಿಂದ ಪ್ರತಿ ವಿವರವೂ ಹಾಗೆಯೇ ನಡೆಯಿತೆಂದು ಇತಿಹಾಸಕಾರರು ಹೇಳಲಾರರು. ಅದೇ ಲೇಖಕರು ಇನ್ನೊಂದನ್ನೂ ಬರೆದಿದ್ದಾರೆ. ತಮ್ಮ ಕಾಲದ ಮುಸ್ಲಿಮರು ಉಮರ್(ರ)ರ ಮಾತನ್ನು ಮೀರಿ ಚರ್ಚಿನ ಪ್ರವೇಶಾಂಗಣದ ಒಂದು ಭಾಗವನ್ನು ವಶಪಡಿಸಿಕೊಂಡು ಅಲ್ಲಿ ಮಸೀದಿ ಕಟ್ಟಿದರೆಂಬ ದೂರು. ಕಥೆಯ ಮೊದಲರ್ಧವನ್ನು ಮಿಂಬರಿನಿಂದ ಹೇಳಿ ಉಳಿದರ್ಧವನ್ನು ನುಂಗುವುದು ಪ್ರಾಮಾಣಿಕತೆಯಲ್ಲ.

ಅದಕ್ಕಿಂತ ಕಹಿಯಾದುದು ಕ್ರಿ.ಶ. 1009ರಲ್ಲಿ ನಡೆಯಿತು. ಈಜಿಪ್ಟಿನ ಫಾತಿಮೀ ಖಲೀಫಾ ಅಲ್ ಹಾಕಿಮ್ ಆ ಚರ್ಚನ್ನು ನೆಲಸಮ ಮಾಡಲು ಆಜ್ಞಾಪಿಸಿದನು. ಗೋಡೆಗಳನ್ನು ಕೆಡವಿದ್ದಲ್ಲದೆ ಗೋರಿಯ ಬಂಡೆಯನ್ನೂ ಬಹುಪಾಲು ಕಡಿದುಹಾಕಲಾಯಿತು. ಹಾಕಿಮ್ ನಮ್ಮವನಲ್ಲ, ಅವನು ಸುನ್ನಿಗಳನ್ನೂ ಯಹೂದಿಗಳನ್ನೂ ಪೀಡಿಸಿದವನು ಎಂದು ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಗುದ್ದಲಿಯ ಪೆಟ್ಟು ಕೇಳಿದ ಜೆರುಸಲೇಮಿನ ಕ್ರೈಸ್ತನಿಗೆ ಆ ಭೇದದಿಂದ ಏನಾಗಬೇಕಿತ್ತು? ಮುಂದೆ ಅದೇ ಮನೆತನದ ಆಳ್ವಿಕೆಯಲ್ಲಿ, ಬೈಝಂಟೈನ್ ಚಕ್ರವರ್ತಿಯ ಹಣದಿಂದ 1048ರ ಹೊತ್ತಿಗೆ ಚರ್ಚು ಮತ್ತೆ ಎದ್ದಿತು ನಿಜ. ಆದರೆ ಕೆಡವಿದ ಸುದ್ದಿ ಯುರೋಪಿನಲ್ಲಿ ಮಾಸಲಿಲ್ಲ. 1099ರ ಜುಲೈ 15ರಂದು ಶಿಲುಬೆ ಯೋಧರು ನಗರದ ಗೋಡೆ ದಾಟಿದಾಗ ಮುಸ್ಲಿಮರ ಮತ್ತು ಯಹೂದಿಗಳ ರಕ್ತ ಹರಿಯಿತು. ನೆತ್ತರು ತೊಳೆದುಕೊಂಡು ಅವರು ಕೃತಜ್ಞತೆಯ ಪ್ರಾರ್ಥನೆಗೆ ಹೋದದ್ದು ಈ ಖಿಯಾಮದ ಚರ್ಚಿಗೇ.

ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿ ನಗರವನ್ನು ಮರಳಿ ಪಡೆದದ್ದು 1187ರ ಅಕ್ಟೋಬರ್ 2ರಂದು, ರಜಬ್ 27ರ ಶುಕ್ರವಾರ. ಆಗ ನಡೆದ ಸಮಾಲೋಚನೆಯನ್ನು ಅವರ ಕಾರ್ಯದರ್ಶಿ ಇಮಾದುದ್ದೀನ್ ಬರೆದಿಟ್ಟಿದ್ದಾರೆ. ಚರ್ಚನ್ನು ಕೆಡವಿಬಿಡಿ, ಯುರೋಪಿನವರು ಇತ್ತ ಬರುವ ಕಾರಣವೇ ಇಲ್ಲದಂತಾಗಲಿ ಎಂದು ಕೆಲವರು ಒತ್ತಾಯಿಸಿದರು. ಹೆಚ್ಚಿನವರು ಒಪ್ಪಲಿಲ್ಲ. ಅವರು ಭಕ್ತಿ ಇಟ್ಟಿರುವುದು ಆ ಜಾಗದ ಮೇಲೆ, ಕಾಣುವ ಕಟ್ಟಡದ ಮೇಲಲ್ಲ. ನೆಲವನ್ನೇ ಅಗೆದು ಹಾಕಿದರೂ ಬರುವವರು ಬರುತ್ತಾರೆ. ಮೇಲಾಗಿ ಉಮರ್(ರ) ಅದನ್ನು ಅವರಿಗೇ ಬಿಟ್ಟುಕೊಟ್ಟಿದ್ದಾರೆ ಎಂದು ವಾದಿಸಿದರು. ಸುಲ್ತಾನರು ಚರ್ಚನ್ನು ಉಳಿಸಿದರು. ಯುದ್ಧ ಗೆದ್ದ ಬಿಸಿಯಲ್ಲಿ, ಎಂಬತ್ತೆಂಟು ವರ್ಷಗಳ ಹಿಂದಿನ ಹತ್ಯಾಕಾಂಡದ ನೆನಪು ಹಸಿಯಾಗಿರುವಾಗ ಈ ಮಾತು ಗೆದ್ದಿತು ಎಂಬುದು ನಮಗೆ ಇಂದಿಗೂ ವಿಸ್ಮಯ.

ಬೀಗದ ಕೈ ಈ ಇತಿಹಾಸದ ಜೊತೆಗೇ ಬಂದದ್ದು. ಕೀಲಿಯನ್ನು ಇಟ್ಟುಕೊಳ್ಳುವುದು ಜೂದಾ ಕುಟುಂಬ, ಬಾಗಿಲು ತೆರೆಯುವುದು ನುಸೈಬಾ ಕುಟುಂಬ. ಎರಡೂ ಮುಸ್ಲಿಮ್ ಮನೆತನಗಳು. ತಮ್ಮ ಹೊಣೆ ಸಲಾಹುದ್ದೀನರ ಕಾಲದ್ದೆಂದು ಜೂದಾ ಕುಟುಂಬ, ಉಮರ್(ರ)ರ ಕಾಲದ್ದೆಂದು ನುಸೈಬಾ ಕುಟುಂಬ ಹೇಳುತ್ತವೆ. ಉಹುದ್ ಯುದ್ಧದಲ್ಲಿ ಪ್ರವಾದಿ(ಸ)ರಿಗೆ ಅಡ್ಡನಿಂತು ಕಾದಾಡಿದ ಸಹಾಬಿಯಾ ನುಸೈಬಾ(ರ)ರಿಂದ ತಮಗೆ ಈ ಹೆಸರು ಬಂತೆಂಬುದು ಆ ಮನೆತನದ ನಂಬಿಕೆ. ಈ ವ್ಯವಸ್ಥೆಯಲ್ಲಿ ಬರಿಯ ಔದಾರ್ಯವೇ ಇತ್ತೆಂದು ನಾವು ಹೇಳುವುದಿಲ್ಲ. ಶತಮಾನಗಳ ಕಾಲ ಆ ಬಾಗಿಲಲ್ಲೇ ಯಾತ್ರಿಕರಿಂದ ಸುಂಕ ವಸೂಲಾಗುತ್ತಿತ್ತು.

ಒಳಗೆ ಆರು ಕ್ರೈಸ್ತ ಪಂಗಡಗಳಿವೆ: ಗ್ರೀಕ್, ಕ್ಯಾಥೊಲಿಕ್, ಅರ್ಮೇನಿಯನ್, ಕಾಪ್ಟಿಕ್, ಸಿರಿಯನ್, ಇಥಿಯೋಪಿಯನ್. ಯಾರು ಯಾವ ದೀಪ ಹಚ್ಚಬೇಕು, ಯಾವ ಮೆಟ್ಟಿಲು ಗುಡಿಸಬೇಕು ಎಂಬಷ್ಟಕ್ಕೂ ಜಗಳ. 1852ರಲ್ಲಿ ಉಸ್ಮಾನಿ ಸುಲ್ತಾನರು ಇರುವುದು ಇದ್ದ ಹಾಗೇ ಇರಲಿ ಎಂದು ಫರ್ಮಾನು ಹೊರಡಿಸಬೇಕಾಯಿತು. 2008ರಲ್ಲಿಯೂ ಗೋರಿಯ ಎದುರಲ್ಲೇ ಎರಡು ಪಂಗಡಗಳ ಸನ್ಯಾಸಿಗಳು ಕೈಕೈ ಮಿಲಾಯಿಸಿದರು. ಇದನ್ನು ಓದಿ ನಗುವ ಮೊದಲು ನಮ್ಮ ಮಸೀದಿ ಕಮಿಟಿಗಳ ಸಭೆಗಳನ್ನು ನೆನೆದುಕೊಳ್ಳುವುದು ಒಳ್ಳೆಯದು.

2016ರ ಅಕ್ಟೋಬರಿನಲ್ಲಿ ದುರಸ್ತಿಗಾಗಿ ಗೋರಿಯ ಮೇಲಿನ ಅಮೃತಶಿಲೆಯ ಹಾಸನ್ನು ಸರಿಸಿದರು. ಕೆಳಗೆ ಇನ್ನೊಂದು ಹಾಸು, ಅದರ ಕೆಳಗೆ ಸುಣ್ಣಕಲ್ಲಿನ ಮೂಲ ಬಂಡೆ. ನಡುವಿನ ಗಾರೆಯ ಪರೀಕ್ಷೆ ಕ್ರಿ.ಶ. 345ರ ಸುಮಾರನ್ನು ತೋರಿಸಿತು. ಹಾಕಿಮನ ಗುದ್ದಲಿ ಎಲ್ಲವನ್ನೂ ಅಳಿಸಿರಲಿಲ್ಲ. ಅಲ್ಲಿ ಮಲಗಿದ್ದವರು ಯಾರು, ಎದ್ದವರು ಯಾರು ಎಂಬುದಕ್ಕೆ ಗಾರೆ ಸಾಕ್ಷಿ ಹೇಳಲಾರದು. ಯುರೋಪಿನ ಕ್ರೈಸ್ತ ಪಂಡಿತರಲ್ಲೇ ಈ ಬಗ್ಗೆ ಒಮ್ಮತವಿಲ್ಲ: ಪುನರುತ್ಥಾನ ಇತಿಹಾಸ ಪರೀಕ್ಷಿಸಬಲ್ಲ ಘಟನೆಯಲ್ಲ, ಬೋಧನೆಯಲ್ಲಿ ಜೀವಿಸುವ ಸತ್ಯ ಎಂದ ಬುಲ್ಟ್‌ಮನ್, ಅದು ಇತಿಹಾಸದಲ್ಲೇ ನಡೆದದ್ದು ಎಂದ ಪಾನೆನ್‌ಬರ್ಗ್. ಜರ್ಮನಿಯ ಮೋಲ್ಟ್‌ಮನ್ ಎರಡನೆಯ ಮಹಾಯುದ್ಧದಲ್ಲಿ ಸೈನಿಕನಾಗಿದ್ದು, ಬಾಂಬಿಗೆ ಬಲಿಯಾದ ಗೆಳೆಯನನ್ನು ಕಣ್ಣಾರೆ ಕಂಡು, ವರ್ಷಗಟ್ಟಲೆ ಯುದ್ಧಕೈದಿಯಾಗಿ ಕಳೆದವರು. 1964ರ ಅವರ ಗ್ರಂಥದಲ್ಲಿ ಪುನರುತ್ಥಾನವೆಂದರೆ ದುಃಖಿತರಿಗೆ ಹೇಳುವ ಸಮಾಧಾನವಷ್ಟೇ ಅಲ್ಲ, ಸಾವಿಗೂ ಅನ್ಯಾಯಕ್ಕೂ ದೇವರು ಹಾಕಿದ ಸವಾಲು.

ಆ ಅರ್ಥ ಇಂದು ಪುಸ್ತಕದಿಂದ ಹೊರಬಂದು ಫೆಲೆಸ್ತೀನಿನಲ್ಲಿ ನಿಂತಿದೆ. ಬೆತ್ಲೆಹೇಮಿನ ಕ್ರೈಸ್ತನು ಹತ್ತು ಕಿಲೋಮೀಟರಿನಷ್ಟೂ ದೂರವಿಲ್ಲದ ಖಿಯಾಮದ ಚರ್ಚಿಗೆ ಈಸ್ಟರಿನಂದು ಹೋಗಬೇಕಾದರೆ ಇಸ್ರೇಲಿನ ಪರವಾನಗಿ ಬೇಕು. ಅಲ್ ಅಕ್ಸಾದ ಜುಮುಆಗೆ ಹೊರಟ ಅವನ ಮುಸ್ಲಿಮ್ ನೆರೆಯವನೂ ಅದೇ ತಡೆಗೇಟಿನಲ್ಲಿ ನಿಲ್ಲುತ್ತಾನೆ. 2023ರ ಅಕ್ಟೋಬರ್ 19ರ ರಾತ್ರಿ ಗಾಝಾದ ಸಂತ ಪೊರ್ಫಿರಿಯಸ್ ಚರ್ಚಿನ ಆವರಣಕ್ಕೆ ಬಾಂಬು ಬಿದ್ದು ಆಶ್ರಯ ಪಡೆದಿದ್ದ ಹಲವರು ಸತ್ತರು. ಮರುವರ್ಷದ ಈಸ್ಟರಿಗೆ ಗಾಝಾದಲ್ಲಿ ಉಳಿದಿದ್ದ ಕ್ರೈಸ್ತರು ಮತ್ತೆ ಚರ್ಚಿನಲ್ಲಿ ಸೇರಿದರು. ಸತ್ತವರು ಏಳುವರು ಎಂಬ ಮಾತಿಗೆ ಅವರ ಬಾಯಲ್ಲಿ ಯಾವ ತೂಕವಿದೆ ಎಂಬುದನ್ನು, ಜನಾಝ ನಮಾಝಿನ ಸಾಲುಗಳಲ್ಲಿ ನಿಂತ ನಮ್ಮವರು ತಿಳಿಯದವರಲ್ಲ.

ಹುಡುಗನಿಗೆ ಈಗ ಇಷ್ಟು ಹೇಳಬಲ್ಲೆವು. ಇರುಳಿನಲ್ಲಿ ಆ ಚರ್ಚಿಗೆ ಹೊರಗಿನಿಂದ ಬೀಗ ಬೀಳುತ್ತದೆ, ಕೆಲವು ಸನ್ಯಾಸಿಗಳು ಒಳಗೇ ಉಳಿದು ಪ್ರಾರ್ಥಿಸುತ್ತಾರೆ. ಮುಂಜಾನೆ ಒಳಗಿನವರು ಬಾಗಿಲಲ್ಲಿರುವ ಚಿಕ್ಕ ಕಿಂಡಿಯಿಂದ ಒಂದು ಏಣಿಯನ್ನು ಹೊರಗೆ ದಾಟಿಸುತ್ತಾರೆ. ಸುಮಾರು ಒಂದು ಅಡಿ ಉದ್ದದ ಕಬ್ಬಿಣದ ಕೀಲಿಯೊಂದಿಗೆ ಬಂದ ಮುಸ್ಲಿಮನು ಆ ಏಣಿ ಹತ್ತಿ ಮೇಲಿನ ಬೀಗ ತೆರೆಯುತ್ತಾನೆ. ಯಾತ್ರಿಕರು ಒಳಗೆ ಹೋಗುತ್ತಾರೆ. ಅವನು ಒಳಗಿನ ಪೂಜೆಗೆ ನಿಲ್ಲಬೇಕಿಲ್ಲ, ಅವನ ವಿಶ್ವಾಸವನ್ನು ಅಲ್ಲಿ ಯಾರೂ ಕೇಳುವುದೂ ಇಲ್ಲ. ಅಂಗಳ ದಾಟಿದರೆ ಎದುರಿಗೇ ಉಮರ್(ರ)ರ ಹೆಸರಿನ ಮಸೀದಿಯಿದೆ; 1193ರಲ್ಲಿ ಸಲಾಹುದ್ದೀನರ ಮಗ ಅಲ್ ಅಫ್ದಲ್ ಕಟ್ಟಿಸಿದ್ದು, ಚರ್ಚಿನ ಹೊರಗೆ.