ತುಂಗಭದ್ರೆಯ ಗೋಬಿ ಮೀನು: ಒಂದು ಚಾರಿತ್ರಿಕ ಟಿಪ್ಪಣಿ

ಗೋಬಿ ವಂಶದ ಕಿರುಮೀನುಗಳಲ್ಲಿ ಬಹುಪಾಲು ಕಡಲವಾಸಿಗಳು. ಆದರೂ ಆ ವಂಶದ ಗ್ಲಾಸೊಗೋಬಿಯಸ್ ಗ್ಯೂರಿಸ್ ಎಂಬುದು ಕಡಲಿಗೆ ಬಹುದೂರವಾದ ತುಂಗಭದ್ರೆಯಲ್ಲಿಯೂ ನೆಲೆಸಿದೆ. ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ ತಾಲ್ಲೂಕುಗಳು ಈ ನದಿಯನ್ನು ಮುಟ್ಟುತ್ತವೆ; ಕೂಡ್ಲಿಗಿ, ಕೊಟ್ಟೂರುಗಳು ಕೆರೆ ಹಳ್ಳಗಳನ್ನು ನಂಬಿದ ಒಳನಾಡು. ಈ ಸೀಮೆಯ ಚರಿತ್ರೆಗೆ ಮೀನೊಂದು ಯಾವ ಸಾಕ್ಷ್ಯವನ್ನು ಒದಗಿಸಬಲ್ಲುದೆಂಬುದೇ ನಮ್ಮ ವಿಚಾರ.

ಈ ಮೀನಿಗೆ ಶಾಸ್ತ್ರೀಯ ನಾಮವನ್ನಿತ್ತವರು 1800-01ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್. ಆದರೆ ಆ ನಾಮವು ಪ್ರಕಟವಾದುದು 1822ರಲ್ಲಿ, ಗಂಗಾನದಿಯ ಮೀನುಗಳನ್ನು ಕುರಿತ ಅವರ ಗ್ರಂಥದಲ್ಲಿ. ಮದರಾಸು ಸೈನ್ಯದ ವೈದ್ಯರಾಗಿದ್ದ ಫ್ರಾನ್ಸಿಸ್ ಡೇ ಅವರೂ 1875-78ರ ತಮ್ಮ ಗ್ರಂಥದಲ್ಲಿ ಇದನ್ನು ವರ್ಣಿಸಿದರು.

ಹೊಟ್ಟೆಯ ಎರಡು ಈಜುರೆಕ್ಕೆಗಳು ಕೂಡಿ ಬಟ್ಟಲಿನ ಆಕಾರ ತಾಳಿರುವುದು ಗೋಬಿಗಳ ಸಾಮಾನ್ಯ ಲಕ್ಷಣ. ನಾಲಗೆಯ ತುದಿ ಸೀಳಿರುವುದು ಗ್ಲಾಸೊಗೋಬಿಯಸ್ ಜಾತಿಯ ಗುರುತು. ಮೀನನ್ನು ಕೈಯಲ್ಲಿ ಹಿಡಿದು ನೋಡದೆ, ವಂಶದ ಹೆಸರಿನಿಂದಲೇ ನೆಲೆಯನ್ನು ಊಹಿಸುವುದು ಸಲ್ಲದು. ತುಂಗಭದ್ರೆಯಲ್ಲಿ ಗೋಬಿ ದೊರೆತ ಮಾತ್ರಕ್ಕೆ ಇಲ್ಲಿ ಹಿಂದೆ ಕಡಲಿತ್ತೆಂದು ಹೇಳಲಾಗದು. ಈ ಮೀನು ಉಪ್ಪುನೀರು, ಅಳಿವೆ, ಸಿಹಿನೀರು ಮೂರರಲ್ಲಿಯೂ ಬಾಳಬಲ್ಲುದು.

1953ರಲ್ಲಿ ಹೊಸಪೇಟೆಯ ಬಳಿ ಜಲಾಶಯದಲ್ಲಿ ನೀರು ನಿಂತಾಗ ಹರಿಯುವ ಹೊಳೆಯ ಒಂದು ಭಾಗ ಹಿನ್ನೀರಾಯಿತು. ಮುಳುಗಿದ ಊರುಗಳ ಹೆಸರನ್ನು ಕಡತಗಳು ಉಳಿಸಿವೆ. ಹೊಳೆಯ ತಳದ ಬದುಕನ್ನು ಬಲ್ಲವರು ಬೆಸ್ತರು. ಅವರಾಡುವ ಮೀನಿನ ಹೆಸರು, ಅದು ದೊರೆತ ಸ್ಥಳ, ಹೊಳೆಯೋ ಹಿನ್ನೀರೋ ಕೆರೆಯೋ ಎಂಬ ವಿವರ, ಇವನ್ನು ಮಾದರಿ ಮೀನಿನೊಡನೆ ದಾಖಲಿಸುವುದು ಸ್ಥಳೀಯ ಚರಿತ್ರಕಾರರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.