ಪುಸ್ತಕ ಕೊಡುವವರಿಗೂ ಒಂದು ಪಾಠ

ಸಿರಿಗೇರಿಯ ಗ್ರಂಥಾಲಯಕ್ಕೆ ಹೈಸ್ಕೂಲಿನ ಹುಡುಗಿಯೊಬ್ಬಳು ಬಂದು, ‘ಸರ್, ಇತಿಹಾಸದ ಪುಸ್ತಕ ಐತೇನ್ರಿ?’ ಎಂದು ಕೇಳಿದಳು ಎಂದಿಟ್ಟುಕೊಳ್ಳಿ. ‘ಆ ಕಪಾಟಿನಾಗ ನೋಡಮ್ಮ’ ಎಂದು ಬೆರಳು ತೋರಿಸಿದರೆ ಮಾತು ಅಲ್ಲಿಗೇ ಮುಗಿಯಿತು. ‘ಯಾವ ಊರಿನ ಇತಿಹಾಸಮ್ಮ? ಸಾಲ್ಯಾಗ ಏನು ಬರಕೊಂಡು ಬಾ ಅಂದಾರ?’ ಎಂದು ಮರಳಿ ಕೇಳಿದರೆ, ಅವಳಿಗೆ ಬೇಕಾದದ್ದು ಕುರುಗೋಡಿನ ಶಾಸನಗಳ ವಿಚಾರ ಎಂಬುದು ಹೊರಬೀಳುತ್ತದೆ. ನಮ್ಮ ವರದಿಗಾರರ ಕಸುಬಿನಲ್ಲೂ ಹಾಗೆಯೇ. ಸುದ್ದಿ ಸಿಗುವುದು ಎರಡನೆಯ ಪ್ರಶ್ನೆಗೆ.

ಈ ಎರಡನೆಯ ಪ್ರಶ್ನೆಗೆ ಗ್ರಂಥಾಲಯದವರ ಭಾಷೆಯಲ್ಲಿ ಪರಾಮರ್ಶನ ಸೇವೆ ಎಂದು ಹೆಸರು. ಅಮೆರಿಕದ ವೂಸ್ಟರ್ ಪಟ್ಟಣದ ಗ್ರಂಥಪಾಲ ಸ್ಯಾಮ್ಯುಯಲ್ ಗ್ರೀನ್ 1876ರಲ್ಲಿ ಫಿಲಡೆಲ್ಫಿಯಾದ ಸಮ್ಮೇಳನದಲ್ಲಿ ಇದನ್ನೇ ಪ್ರತಿಪಾದಿಸಿದ. ಓದಲು ಬರುವವರಿಗೆ ಪುಸ್ತಕ ಹುಡುಕುವ ಅಭ್ಯಾಸವಿರುವುದಿಲ್ಲ, ಕೇಳಲು ಸಂಕೋಚವೂ ಇರುತ್ತದೆ. ಆದ್ದರಿಂದ ಗ್ರಂಥಾಲಯದವರೇ ಅವರೊಡನೆ ಸಲಿಗೆಯಿಂದ ಮಾತನಾಡಬೇಕು ಎಂಬುದು ಅವನ ವಾದ.

ನಮ್ಮ ದೇಶದಲ್ಲಿ ಗ್ರಂಥಾಲಯದ ಕೆಲಸಕ್ಕೆ ತರಬೇತಿ ಮೊದಲಾದದ್ದು ಬರೋಡಾದಲ್ಲಿ. ಸಯಾಜಿರಾವ್ ಗಾಯಕವಾಡರು ಕರೆಸಿಕೊಂಡ ಅಮೆರಿಕದ ಬೋರ್ಡನ್ 1911ರಲ್ಲಿ ಅಲ್ಲಿ ತರಗತಿ ತೆರೆದರು. ಆದರೆ ಬಳ್ಳಾರಿಯವರಿಗೆ ಹತ್ತಿರದ ಕಥೆ ಮದ್ರಾಸಿನದು. ಆಗ ಈ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಸಿರುಗುಪ್ಪದವರ ರಾಜಧಾನಿ ಬೆಂಗಳೂರಲ್ಲ, ಮದ್ರಾಸು.

ಗಣಿತದ ಅಧ್ಯಾಪಕರಾಗಿದ್ದ ಎಸ್.ಆರ್. ರಂಗನಾಥನ್ 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ಕೆಲವೇ ದಿನಗಳಲ್ಲಿ ಬೇಸರ ಹತ್ತಿ, ಕಾಲೇಜಿಗೇ ಮರಳುತ್ತೇನೆಂದು ಹಟ ಹಿಡಿದಿದ್ದರಂತೆ. ಇಂಗ್ಲೆಂಡಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳನ್ನು ಸುತ್ತಿ ಬಂದಮೇಲೆ ಮನಸ್ಸು ಬದಲಾಯಿತು. 1928ರಲ್ಲಿ ಮದ್ರಾಸ್ ಗ್ರಂಥಾಲಯ ಸಂಘ ಹುಟ್ಟಿತು; ಮರುವರ್ಷವೇ ಅದು ಬೇಸಿಗೆಯ ತರಬೇತಿ ಶಾಲೆ ನಡೆಸಿತು. 1931ರಲ್ಲಿ ಅದನ್ನು ವಿಶ್ವವಿದ್ಯಾಲಯವೇ ವಹಿಸಿಕೊಂಡಿತು. ಅದೇ ವರ್ಷ ಅವರ ಪಂಚಸೂತ್ರಗಳ ಪುಸ್ತಕ ಬಂತು. ಪುಸ್ತಕವಿರುವುದು ಬಳಕೆಗೆ, ಓದುಗನ ವೇಳೆ ಉಳಿಸಬೇಕು ಎಂಬುವು ಅದರಲ್ಲಿ ಎರಡು. ಮುಂದೆ ಪರಾಮರ್ಶನ ಸೇವೆಯ ಮೇಲೇ ದೊಡ್ಡ ಗ್ರಂಥ ಬರೆದು, ಥಟ್ಟನೆ ಕೊಡಬಹುದಾದ ಉತ್ತರ ಬೇರೆ, ದಿನಗಟ್ಟಲೆ ಹುಡುಕಿ ಕೊಡಬೇಕಾದ ಉತ್ತರ ಬೇರೆ ಎಂದು ಅವರು ವಿಂಗಡಿಸಿದರು.

ಮತ್ತೆ ನಮ್ಮ ಹುಡುಗಿಯ ಕಡೆ ಬರೋಣ. ಶಾಸನವೆಂದರೆ ಎಲ್ಲರೂ ಬಿ.ಎಲ್. ರೈಸರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳತ್ತ ಕೈತೋರಿಸುತ್ತಾರೆ. ಆದರೆ ರೈಸರು ಓದಿಸಿದ್ದು ಮೈಸೂರು ಸಂಸ್ಥಾನದ ಮತ್ತು ಕೊಡಗಿನ ಶಾಸನಗಳನ್ನು. ಆ ಸಂಪುಟಗಳಲ್ಲಿ ಬಳ್ಳಾರಿ ಜಿಲ್ಲೆಗೆ ಜಾಗವಿಲ್ಲ. ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳು ಅಚ್ಚಾದದ್ದು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಒಂಬತ್ತನೆಯ ಸಂಪುಟದಲ್ಲಿ. ಅದರ ಮೊದಲ ಭಾಗ ಹೊರಬಂದದ್ದು 1939ರಲ್ಲಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಬಳ್ಳಾರಿ ಜಿಲ್ಲೆಯ ಶಾಸನ ಸಂಪುಟ ಪ್ರಕಟಿಸಿದೆ. ಇವೆಲ್ಲ ಹಳ್ಳಿಯ ಕಪಾಟಿನಲ್ಲಿ ಇರಬೇಕೆಂದೇನಿಲ್ಲ. ಎಲ್ಲಿ ಸಿಗುತ್ತವೆ ಎಂದು ಮೇಜಿನ ಹಿಂದೆ ಕುಳಿತವರಿಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಹುಡುಗಿ ‘ನಮ್ಮ ಕಡೆ ಶಾಸನಗಳೇ ಇಲ್ಲ’ ಎಂದುಕೊಂಡು ಮನೆಗೆ ಹೋಗುತ್ತಾಳೆ.

ತೊಡಕಿರುವುದು ಇಲ್ಲೇ. ಮದ್ರಾಸಿನ ಶಾಲೆ ಕ್ರಮೇಣ ಡಿಪ್ಲೊಮಾ ಆಯಿತು. ಗ್ರಂಥಾಲಯ ವಿಜ್ಞಾನ ಪದವಿಯ ವಿಷಯವಾಯಿತು. ಕೀಲಿ ತೆರೆದು, ಪುಸ್ತಕ ಜೋಡಿಸಿ, ವಹಿಗೆ ಸಹಿ ಹಾಕಿಸುವ ಸಹಾಯಕರು ಆ ಪಾಠದಿಂದ ಬಹುಮಟ್ಟಿಗೆ ಹೊರಗೇ ಉಳಿದರು. ಓದುಗ ಮೊದಲು ಮಾತನಾಡಿಸುವುದು ಮಾತ್ರ ಅವರನ್ನೇ. ಹಳ್ಳಿಯ ಗ್ರಂಥಾಲಯದಲ್ಲಂತೂ ಮೇಲ್ವಿಚಾರಕರೇ ಅಟೆಂಡರು, ಅವರೇ ಗ್ರಂಥಪಾಲರು.

ಕಾನೂನಿನ ಮಾತಿಗೆ ಬಂದರೆ ಬಳ್ಳಾರಿ ಹಳೆಯ ಮೈಸೂರಿಗಿಂತ ಮುಂದಿತ್ತು. ಮದ್ರಾಸಿನ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1948ರದು. ಜಿಲ್ಲೆ ಮೈಸೂರಿಗೆ ಸೇರಿದ್ದು 1953ರಲ್ಲಿ. ಇಲ್ಲಿನ ಕಾಯ್ದೆ ಬಂದದ್ದು 1965ರಲ್ಲಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಈಗ ಅವಕ್ಕೆ ಅರಿವು ಕೇಂದ್ರ ಎಂಬ ಹೆಸರೂ ಇದೆ. ಕಂಪ್ಯೂಟರು ಬಂದ ಕಡೆ ಅದನ್ನು ನಡೆಸುವುದನ್ನು ಕಲಿಸುವುದು ಸುಲಭ. ಎದುರಿಗೆ ನಿಂತವರ ಅರ್ಧ ಮಾತಿನಿಂದ ಪೂರ್ತಿ ಪ್ರಶ್ನೆ ಹೊರತೆಗೆಯುವುದು ಅಷ್ಟು ಸುಲಭವಲ್ಲ.

ಪಾಠ ದೊಡ್ಡದೇನೂ ಅಲ್ಲ. ಕೆಲಸ ಬಿಟ್ಟು ತಲೆಯೆತ್ತಿ ನೋಡುವುದು. ಕೇಳಿದ್ದನ್ನು ಒಮ್ಮೆ ತಾವೇ ಹೇಳಿ ಖಚಿತಪಡಿಸಿಕೊಳ್ಳುವುದು. ಯಾಕೆ ಬೇಕೆಂದು ಕೆದಕದೆ, ಏನು ಬೇಕೆಂದು ತಿಳಿಯುವುದು. ಪಿಂಚಣಿಯ ಅರ್ಜಿ ಕೇಳಲು ಬಂದ ಅಜ್ಜಿಯ ಮನೆಯ ಕಷ್ಟ ಕಟ್ಟೆಯ ಮೇಲಿನ ಮಾತಾಗಬಾರದು. ಮೆಣಸಿನ ಗಿಡದ ಎಲೆ ಮುದುಡಿದೆ ಎಂದು ರೈತ ಬಂದರೆ ಔಷಧದ ಹೆಸರು ತಾವೇ ಹೇಳದೆ, ಕೃಷಿ ಪುಸ್ತಕ ತೆರೆದು ತೋರಿಸಿ, ರೈತ ಸಂಪರ್ಕ ಕೇಂದ್ರಕ್ಕೋ ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರಕ್ಕೋ ಕಳಿಸುವುದು. ಉತ್ತರ ಸಿಗದ ಪ್ರಶ್ನೆಯನ್ನು ತಾರೀಖು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ‘ಬುಧವಾರ ಬಾರಮ್ಮ, ಬಳ್ಳಾರಿಯಾಗ ಕೇಳಿ ಇಟ್ಟಿರ್ತೀನಿ’ ಎನ್ನುವುದು.